ಹೊಸ ಕಾರು, ಎರಡು ಮಳೆಗಾಲ, ಮತ್ತೆ ತುಕ್ಕು

ಮಂಗಳೂರು: ಕಾರು ಮನೆಗೆ ಬಂದು ಎರಡು ಮಳೆಗಾಲ ಕಳೆದಿದೆ ಅಷ್ಟೆ. ಬ್ಯಾಂಕಿನ ಕಂತು ಇನ್ನೂ ಐದು ವರ್ಷ ಬಾಕಿ ಉಂಟು. ಆಯುಧಪೂಜೆಗೆಂದು ಕಾರು ತೊಳೆದು ಒರೆಸುತ್ತಿದ್ದ ಯಜಮಾನರ ಕೈ ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಗಕ್ಕನೆ ನಿಲ್ಲುತ್ತದೆ. ಸಾಸಿವೆ ಕಾಳಿನಷ್ಟು ಜಾಗದಲ್ಲಿ ಬಣ್ಣ ಎದ್ದಿದೆ. ಸುತ್ತ ಕೆಂಪು. ಕುಂಕುಮ ಇನ್ನೂ ಹಚ್ಚಿಲ್ಲ, ಇದು ತುಕ್ಕು!

ತಲಪಾಡಿಯಿಂದ ಶಿರೂರಿನವರೆಗೆ ಯಾವ ಗ್ಯಾರೇಜಿಗೆ ಹೋದರೂ ಮಳೆ ಬಿಟ್ಟ ಮೇಲೆ ಇದೇ ಕಥೆ. ಟಿಂಕರಿಂಗ್ ಶೆಡ್ಡಿನ ಎದುರು ಸಾಲಾಗಿ ನಿಂತವುಗಳಲ್ಲಿ ಮುದಿ ಗಾಡಿಗಳಷ್ಟೇ ಅಲ್ಲ, ಮೂರು ನಾಲ್ಕು ವರ್ಷದ ಥಳಥಳ ಕಾರುಗಳೂ ಇರುತ್ತವೆ. "ಎಂತ ಮಾರಾಯ್ರೆ, ಇಷ್ಟು ಲಕ್ಷ ಕೊಟ್ಟದ್ದು ತಗಡಿಗಾ?" ಎಂಬುದು ಗಿರಾಕಿಯ ಪ್ರಶ್ನೆ. "ಈಗಿನದ್ದೆಲ್ಲ ಹೀಗೇ, ಹಿಂದಿನ ಅಂಬಾಸಿಡರ್ ಹಾಗೆ ಅಲ್ಲ" ಎಂಬುದು ಶೆಡ್ಡಿನ ಸಿದ್ಧ ಉತ್ತರ.

ಈ ಉತ್ತರ ಅರ್ಧ ಸತ್ಯ. ಅಂಬಾಸಿಡರ್ ಕಾರಿನ ತಗಡು ದಪ್ಪ ಇದ್ದದ್ದು ಹೌದು. ಆದರೆ ಅದಕ್ಕೆ ತುಕ್ಕು ಹಿಡಿಯುತ್ತಿರಲಿಲ್ಲ ಎನ್ನುವವರು ಒಂದೋ ಮರೆತಿದ್ದಾರೆ, ಇಲ್ಲವೋ ಹಿಂದಿನ ಸೀಟಿನಲ್ಲಿ ಕೂತು ಕಾಲಡಿ ನೋಡಿಲ್ಲ. ಕರಾವಳಿಯಲ್ಲಿ ಓಡಿದ ಹಳೆಯ ಬಾಡಿಗೆ ಕಾರುಗಳ ನೆಲ ತಿಂದುಹೋಗಿ, ಕಾರ್ಪೆಟ್ ಎತ್ತಿದರೆ ರಸ್ತೆ ಕಾಣುತ್ತಿದ್ದ ಕಾಲವದು. ತಗಡಿನ ತುಂಡು ಬೆಸೆದು, ಮೇಲೆ ಡಾಂಬರು ಬಳಿದು, ಮತ್ತೆರಡು ವರ್ಷ ಓಡಿಸುತ್ತಿದ್ದರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮೊದಲ ತಲೆಮಾರಿಗೂ ಉಪ್ಪುಗಾಳಿ ಬೇರೆ ನ್ಯಾಯ ಕೊಡಲಿಲ್ಲ. ಇಡೀ ಬಾಡಿಯ ಲೆಕ್ಕ ಹಿಡಿದರೆ ಇಂದಿನ ಕಾರು ಅಂದಿನದಕ್ಕಿಂತ ತುಕ್ಕನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆ. ಬದಲಾದದ್ದು ತುಕ್ಕು ಒಳಗೆ ಬರುವ ಬಾಗಿಲು. ಹಿಂದೆ ಅದು ಅಡಿಯಿಂದ, ಒಳಗಿನಿಂದ ತಿನ್ನುತ್ತಿತ್ತು. ಈಗ ಮೂತಿಯ ಮೇಲೆಯೇ, ಬಣ್ಣ ಎದ್ದ ಕಡೆ, ಊರೆಲ್ಲ ನೋಡುವ ಹಾಗೆ ಶುರುವಾಗುತ್ತದೆ.

ಕಾಗದದಷ್ಟು ಕವಚ

ಕಾರಿನ ಬಣ್ಣ ಎಷ್ಟು ದಪ್ಪ? ಲಕ್ಷಾಂತರ ರೂಪಾಯಿಯ ಗಾಡಿಯನ್ನು ಕಾಯುವ ಈ ಕವಚದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಸಹಿ ಹಾಕಿದ ಸಾಲದ ಪತ್ರದ ಒಂದು ಹಾಳೆ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ. ಅದರ ಕೆಳಗಿನ ತಗಡು ಸುಮಾರು 0.7 ಮಿಲಿಮೀಟರ್.

ಈ ಹಾಳೆಯೊಳಗೂ ನಾಲ್ಕು ಪದರ ಉಂಟು. ಕಾರ್ಖಾನೆಯಲ್ಲಿ ಬೆಸುಗೆ ಮುಗಿದ ಬಾಡಿಯನ್ನು ತೊಳೆದು, ಫಾಸ್ಫೇಟ್ ದ್ರಾವಣದಲ್ಲಿ ಅದ್ದಿ, ನಂತರ ಇಡಿಗೆ ಇಡಿಯಾಗಿ ಪ್ರೈಮರಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ತೊಟ್ಟಿಗೆ ಕರೆಂಟು ಕೊಟ್ಟಾಗ ಪ್ರೈಮರು ತಗಡಿನ ಸಂದುಗೊಂದಿಗೂ ಹೋಗಿ ಅಂಟುತ್ತದೆ. ಇದೇ ಇ-ಕೋಟ್; ಸುಮಾರು 20 ಮೈಕ್ರಾನ್. ಒಲೆಯಲ್ಲಿ 170-180 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖದಲ್ಲಿ ಅದನ್ನು ಬೇಯಿಸುತ್ತಾರೆ. ತುಕ್ಕು ತಡೆಯುವ ಅಸಲು ಕಾವಲುಗಾರ ಈ ತೆಳು ಬೂದು ಪದರ. ಅದರ ಮೇಲೆ ಇನ್ನೊಂದು ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಗಾಜಿನಂಥ ಕ್ಲಿಯರ್ ಕೋಟ್. ಗಿರಾಕಿ ಶೋರೂಮಿನಲ್ಲಿ ಮರುಳಾಗುವ ಬಣ್ಣದ ಪದರ ಇಷ್ಟರಲ್ಲಿ ಹದಿನೈದು ಮೈಕ್ರಾನಿನ ಆಸುಪಾಸು. ಮನುಷ್ಯನ ಒಂದು ಕೂದಲು ಅದಕ್ಕಿಂತ ಎಷ್ಟೋ ದಪ್ಪ.

ಇತ್ತೀಚೆಗೆ ಕೆಲವು ಕಾರ್ಖಾನೆಗಳು ಎರಡನೆಯ ಪ್ರೈಮರ್ ಪದರವನ್ನೇ ಬಿಟ್ಟು ಕೆಲಸವನ್ನು ಚುಟುಕಾಗಿಸಿವೆ. ಒಲೆಯ ಖರ್ಚು ಉಳಿಯಿತು, ಗಾಳಿಗೆ ಹೋಗುವ ಥಿನ್ನರಿನ ಹೊಗೆಯೂ ಕಡಿಮೆಯಾಯಿತು. ಬಣ್ಣವನ್ನೂ ಥಿನ್ನರಿನ ಬದಲು ನೀರಿನಲ್ಲಿ ಕಲಸುವ ಪದ್ಧತಿ 1990ರ ದಶಕದಿಂದ ಹರಡಿದೆ. ನೀರಿನ ಬಣ್ಣವಾದ್ದರಿಂದಲೇ ಎದ್ದುಹೋಗುತ್ತದೆ ಎಂದು ಪೇಟೆಯಲ್ಲಿ ಮಾತುಂಟು. ಅದು ಸರಿಯಲ್ಲ, ಸರಿಯಾಗಿ ಬೆಂದ ನೀರಿನ ಬಣ್ಣ ಗಟ್ಟಿಯೇ. ಆದರೆ ಒಟ್ಟು ದಪ್ಪ ಕಡಿಮೆಯಾದಷ್ಟೂ ಕಲ್ಲಿನ ಪೆಟ್ಟು ತಗಡಿಗೆ ಬೇಗ ಮುಟ್ಟುತ್ತದೆ ಎಂಬುದಕ್ಕೆ ವಿಜ್ಞಾನಿ ಬೇಡ.

ಕಲ್ಲು ಎಲ್ಲಿಂದ ಬರುತ್ತದೆ ಎಂದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕೆ? ಹಿಂದೆ 17 ಆಗಿದ್ದು 2010ರಲ್ಲಿ 66 ಎಂದು ಹೆಸರು ಬದಲಾದ ಹೆದ್ದಾರಿ ಅಗಲವಾಗುತ್ತಾ ಬಂದ ಅಷ್ಟೂ ವರ್ಷ ಡೈವರ್ಶನ್ನುಗಳಲ್ಲಿ ಸಡಿಲ ಜಲ್ಲಿ. ಶಿರಾಡಿ ಘಾಟಿಯನ್ನು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದರೂ ಅದರ ಹಿಂದೆ ಮುಂದೆ ಹೊಂಡ, ಹೊಂಡಕ್ಕೆ ತುಂಬಿದ ಜಲ್ಲಿ, ಮುಂದೆ ಗ್ಯಾಸಿನ ಬುಲೆಟ್ ಟ್ಯಾಂಕರು. ಲೋಡಿನ ಲಾರಿಯ ಹಿಂದೆ ಹತ್ತಿಪ್ಪತ್ತು ಅಡಿ ದೂರದಲ್ಲಿ ಅಂಟಿಕೊಂಡು ಹೋಗುವುದು ಇಲ್ಲಿನ ಡ್ರೈವರುಗಳಿಗೆ ಅಭ್ಯಾಸವಾಗಿದೆ. ಸಂದು ಸಿಕ್ಕಿದರೆ ನುಗ್ಗಬೇಕಲ್ಲ!

ಇದರ ಮೇಲೆ ವೇಗ. ಗಂಟೆಗೆ 40 ಕಿಲೋಮೀಟರಿನಲ್ಲಿ ಬಡಿಯುವ ಕಲ್ಲಿಗಿಂತ 80ರಲ್ಲಿ ಬಡಿಯುವ ಅದೇ ಕಲ್ಲಿಗೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಂಬಾಸಿಡರಿನ ಮೂತಿಗೆ ಬಣ್ಣ ಏಳದೆ ಇದ್ದುದಕ್ಕೆ ಅದರ ನಿಧಾನವೂ ಒಂದು ಕಾರಣ ಎಂಬುದನ್ನು ಶೆಡ್ಡಿನ ಪಂಡಿತರು ಹೇಳುವುದಿಲ್ಲ.

ಉಪ್ಪಿನ ಊರು

ಬೆಂಗಳೂರಿನಲ್ಲಿಯೂ ಕಲ್ಲು ಬಡಿಯುತ್ತದೆ, ಚಿತ್ರದುರ್ಗದಲ್ಲಿಯೂ ಬಡಿಯುತ್ತದೆ. ಅಲ್ಲಿ ಬಣ್ಣ ಎದ್ದ ಜಾಗ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಇಲ್ಲಿ ಮಳೆಗಾಲವಾದರೆ ಒಂದು ರಾತ್ರಿ ಸಾಕು, ಬೆಳಿಗ್ಗೆಗೆ ಕೆಂಪು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿಯ ಆಮ್ಲಜನಕವೂ ನೀರೂ ಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಕರಾವಳಿಯಲ್ಲಿ ನೀರಿಗೇನು ಬರ? ಆದರೆ ಕೆಲಸ ಕೆಡಿಸುವುದು ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಮ್ ಉಪ್ಪು ಉಂಟು. ಅಲೆ ಒಡೆದಾಗ ಹಾರುವ ಸಣ್ಣ ಹನಿ ಗಾಳಿಯಲ್ಲಿ ಒಳನಾಡಿಗೆ ಬಂದು ಕೂರುತ್ತದೆ. ಉಪ್ಪು ಸುಮ್ಮನೆ ಕೂರುವ ವಸ್ತುವಲ್ಲ. ಜೂನಿನಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಯಾವ ಗೃಹಿಣಿಯೂ ಬಲ್ಲಳು. ಗಾಳಿಯ ತೇವ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಎಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಅಷ್ಟೂ ಬೇಡ, ಶೇ. 33 ಸಾಕು. ಅಂದರೆ ಮಳೆ ಬಾರದ ದಿನವೂ ಕಾರಿನ ಗಾಯದ ಮೇಲೆ ಉಪ್ಪುನೀರಿನ ಪೊರೆ ಇದ್ದೇ ಇರುತ್ತದೆ. ಆ ಪೊರೆಯಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ತುಕ್ಕು ಎಂಬುದೇ ಒಂದು ಸಣ್ಣ ಬ್ಯಾಟರಿಯ ಕೆಲಸ.

ಪಣಂಬೂರಿನವರಿಗೆ ಇದನ್ನು ಇನ್ನೊಂದು ರೀತಿ ಹೇಳಬಹುದು. ಕುದುರೆಮುಖದಿಂದ 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ 2005ರ ಕೊನೆಯವರೆಗೆ ಇಳಿದು ಬಂದದ್ದು ಏನು? ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಅದಿರು. ಬೆಂಕಿ ಹಾಕಿ ಆಮ್ಲಜನಕವನ್ನು ಓಡಿಸಿದರೆ ಕಬ್ಬಿಣ. ಬಿಟ್ಟರೆ ಅದು ಮತ್ತೆ ಆಮ್ಲಜನಕವನ್ನೇ ಸೇರಿ ಅದಿರಿನ ದಾಯಾದಿಯಾಗುತ್ತದೆ. ಹಾಗೆ ಸೇರಿದಾಗ ಎರಡು ಪಟ್ಟಿಗೂ ಹೆಚ್ಚು ಉಬ್ಬುತ್ತದೆ. ಉಬ್ಬಿದ ತುಕ್ಕು ಅಕ್ಕಪಕ್ಕದ ಒಳ್ಳೆಯ ಬಣ್ಣವನ್ನೂ ಅಡಿಯಿಂದ ಎಬ್ಬಿಸುತ್ತದೆ. ಎದ್ದ ಸಂದಿನೊಳಗೆ ಮತ್ತೆ ಉಪ್ಪುನೀರು. ಹೊರಗೆ ಸಾಸಿವೆಯಷ್ಟು ಕಂಡರೆ ಒಳಗೆ ನಾಲ್ಕಾಣೆಯಷ್ಟು ತಿಂದಿರುತ್ತದೆ. ಗೆದ್ದಲು ಹಿಡಿದ ಪಕ್ಕಾಸನ್ನು ಬೆರಳಲ್ಲಿ ತಟ್ಟಿ ನೋಡಿದವರಿಗೆ ಇದು ಹೊಸತಲ್ಲ.

ಇನ್ನು ಮೀನಿನ ಲಾರಿ. ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಯಿಂದ ಹೊರಡುವ ಗಾಡಿಗಳಿಂದ ಮಂಜುಗಡ್ಡೆ ಕರಗಿದ ನೀರು, ಮೀನಿನ ರಸ, ಸಮುದ್ರದ ಉಪ್ಪು ಎಲ್ಲ ಕೂಡಿ ಹೆದ್ದಾರಿಯುದ್ದಕ್ಕೂ ಸುರಿಯುತ್ತದೆ. ಬೈಕಿನವರು ಜಾರಿ ಬೀಳುತ್ತಾರೆಂದು, ನಾರುತ್ತದೆಂದು ದೂರು ಬಂದದ್ದು ಒಂದೆರಡು ಸಲವಲ್ಲ. ಹಿಂದೆ ಬರುವ ಕಾರಿನ ಅಡಿಗೆ, ಮಡ್‌ಗಾರ್ಡಿನ ಒಳಗೆ, ಬ್ರೇಕಿನ ಪೈಪಿಗೆ ಅದೇ ನೀರು ಎರಚುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಕೆನಡಾದಂಥ ದೇಶಗಳಲ್ಲಿ ಹಿಮ ಕರಗಿಸಲು ಸರಕಾರವೇ ರಸ್ತೆಗೆ ಉಪ್ಪು ಹಾಕುತ್ತದಂತೆ ಎಂದು ಅಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳಿದಾಗ ಊರಿನ ಅಪ್ಪ ಅಮ್ಮನಿಗೆ ಆಶ್ಚರ್ಯ. ಇಲ್ಲಿ ಸರಕಾರಕ್ಕೆ ಆ ಖರ್ಚಿಲ್ಲ, ಅಷ್ಟೆ. ಲಾರಿಗೆ ಒಂದು ಟ್ಯಾಂಕಿ ಕಟ್ಟಿ ನೀರು ಹಿಡಿದಿಟ್ಟುಕೊಂಡು ಚೆಲ್ಲಬೇಕಾದ ಕಡೆ ಚೆಲ್ಲುವುದು ಆಗದ ಕೆಲಸವೇನಲ್ಲ. ಸಂಬಂಧಪಟ್ಟವರು ಮಳೆಗಾಲದ ಮೊದಲು ನಾಲ್ಕು ದಿನ ತಪಾಸಣೆ ಮಾಡಿ, ಐದನೆಯ ದಿನ ಮರೆಯುವುದನ್ನು ಬಿಟ್ಟರೆ ಸಾಕು.

ಇದೇ ಬಂದರಿನಲ್ಲಿ ತುಕ್ಕಿಗೆ ಮದ್ದೂ ಕಾಣಸಿಗುತ್ತದೆ. ಕಬ್ಬಿಣದ ಬೋಟುಗಳ ಅಡಿಗೆ ಸತುವಿನ ಗಟ್ಟಿ ಕಟ್ಟುತ್ತಾರೆ. ಸತುವೂ ಕಬ್ಬಿಣವೂ ಒಂದಕ್ಕೊಂದು ತಾಗಿ ಉಪ್ಪುನೀರಿನಲ್ಲಿದ್ದರೆ ಮೊದಲು ಸವೆಯುವುದು ಸತು. ಅದು ಇರುವತನಕ ಕಬ್ಬಿಣ ಕ್ಷೇಮ. ಕಾರಿನ ತಗಡಿಗೂ ಈ ಸತುವಿನ ಲೇಪ ಕೊಡಬಹುದು. ಪೋರ್ಷೆ ಕಂಪೆನಿ 1970ರ ದಶಕದ ನಡುವಿನಲ್ಲೇ ಕೊಟ್ಟಿತು, ಆಡಿ 1980ರ ದಶಕದ ನಡುವಿನಲ್ಲಿ ಇಡೀ ಬಾಡಿಗೆ ಕೊಟ್ಟಿತು. ಹಾಗಾದರೆ ಇಲ್ಲಿ ಮಾರುವ ಕಾರಿನ ಯಾವ ಭಾಗದ ತಗಡಿಗೆ ಲೇಪ ಉಂಟು, ಯಾವುದಕ್ಕೆ ಇಲ್ಲ? ಮಾದರಿಯಿಂದ ಮಾದರಿಗೆ ವ್ಯತ್ಯಾಸ. ಮೈಲೇಜು, ಟಚ್‌ಸ್ಕ್ರೀನು, ಸನ್‌ರೂಫು ಎಂದು ಪುಟಗಟ್ಟಲೆ ಅಚ್ಚು ಹಾಕುವ ಪುಸ್ತಿಕೆಯಲ್ಲಿ ಈ ಒಂದು ಸಾಲು ಹುಡುಕಿದರೂ ಸಿಗುವುದು ಅಪರೂಪ. ಕೇಳುವ ಗಿರಾಕಿಯೂ ಅಪರೂಪ ಎನ್ನಿ.

"ಹೊರಗಿನ ಪೆಟ್ಟು ಸ್ವಾಮೀ"

ತುಕ್ಕು ಕಂಡ ಮೇಲೆ ಶೋರೂಮಿಗೆ ಹೋದ ಗಿರಾಕಿಗೆ ತಂಪು ಪಾನೀಯ ಸಿಗುತ್ತದೆ. ಜತೆಗೆ ಒಂದು ವಾಕ್ಯ: ಕಲ್ಲು ಬಡಿದದ್ದು ಹೊರಗಿನ ಕಾರಣ, ವಾರಂಟಿಗೆ ಬರುವುದಿಲ್ಲ. ವಾರಂಟಿ ಪುಸ್ತಕದ ಸಣ್ಣ ಅಕ್ಷರ ಓದಿದರೆ ಕಲ್ಲಿನ ಪೆಟ್ಟು, ಹಕ್ಕಿಯ ಹಿಕ್ಕೆ, ಉಪ್ಪು, ಮರದ ಅಂಟು ಇವೆಲ್ಲವನ್ನೂ ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಕರಾವಳಿಯಲ್ಲಿ ಇವನ್ನು ಬಿಟ್ಟು ಕಾರಿಗೆ ಬೇರೆ ಶತ್ರು ಯಾರಿದ್ದಾರೆ?

ಯುರೋಪಿನಲ್ಲಿ ಅನೇಕ ಕಂಪೆನಿಗಳು 12 ವರ್ಷದ ತುಕ್ಕಿನ ಗ್ಯಾರಂಟಿ ಕೊಡುತ್ತವೆ. ಅದನ್ನು ಕೇಳಿ ಬಾಯಿಬಿಡಬೇಕಿಲ್ಲ. ಅದು ತಗಡು ಒಳಗಿನಿಂದ ತಿಂದು ಹೊರಕ್ಕೆ ತೂತು ಬಿದ್ದರೆ ಮಾತ್ರ. ಬಣ್ಣ ಎದ್ದು ಮೇಲಿನಿಂದ ಶುರುವಾದ ತುಕ್ಕಿಗೆ ಅಲ್ಲಿಯೂ ಕೈ ಆಡಿಸುತ್ತಾರೆ. ವಿಮೆಯವರ ಮಾತು ಇನ್ನೂ ಸರಳ: ಸವಕಳಿಗೆ ವಿಮೆ ಇಲ್ಲ, ತುಕ್ಕು ಸವಕಳಿಯೇ. ಮುಂಭಾಗಕ್ಕೆ ಪೆಟ್ಟಾಯಿತೆಂದು ಕ್ಲೇಮ್ ಹಾಕಿ ಬಣ್ಣ ಹೊಡೆಸಿದರೆ ಕೂಡಿಟ್ಟ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಶೇ. 20ರಿಂದ ಶುರುವಾಗಿ 50ರವರೆಗೆ ಏರುವ ಆ ರಿಯಾಯಿತಿಯನ್ನು ಸಾಸಿವೆಯಷ್ಟು ಚುಕ್ಕೆಗಾಗಿ ಕಳೆದುಕೊಳ್ಳುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಆದರೆ ಎಲ್ಲ ತುಕ್ಕೂ ಕಲ್ಲಿನದ್ದಲ್ಲ. ಬಾಗಿಲಿನ ಕೆಳ ಅಂಚಿನ ಮಡಿಕೆ, ಡಿಕ್ಕಿಯ ರಬ್ಬರಿನ ಹಿಂದೆ, ಬಾನೆಟ್ಟಿನ ಒಳಮೈಯ ಬೆಸುಗೆ ಇವಕ್ಕೆ ಯಾವ ಜಲ್ಲಿ ಹೋಗಿ ಬಡಿಯಿತು? ಅಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ, ಅಥವಾ ಬಣ್ಣ ಹಾಳೆಹಾಳೆಯಾಗಿ ಸುಲಿದು ಬಂದರೆ, ಅದು ಕಾರ್ಖಾನೆಯ ಅಥವಾ ಆಮೇಲೆ ಕೈಯಾಡಿಸಿದವರ ದೋಷವಾಗಿರುವ ಸಂಭವ ಹೆಚ್ಚು. ಸ್ಟಾಕ್‌ಯಾರ್ಡಿನಲ್ಲೋ ಸಾಗಾಟದಲ್ಲೋ ಗೀರು ಬಿದ್ದ ಕಾರಿಗೆ ಸದ್ದಿಲ್ಲದೆ ಬಣ್ಣ ಹೊಡೆದು ಹೊಸತೆಂದು ಕೊಟ್ಟ ದೂರುಗಳು ದೇಶದ ಗ್ರಾಹಕ ವೇದಿಕೆಗಳಿಗೆ ಹೋದದ್ದುಂಟು. ಪತ್ತೆಗೆ ಒಂದು ಚಿಕ್ಕ ಮೀಟರು ಇದೆ. ತಗಡಿಗೆ ತಾಗಿಸಿದರೆ ಬಣ್ಣದ ದಪ್ಪ ಹೇಳುತ್ತದೆ. ಉಳಿದ ಕಡೆಯೆಲ್ಲ 110, 115 ಎಂದು ತೋರಿಸಿದ ಮೀಟರು ಒಂದು ಬಾಗಿಲಿನಲ್ಲಿ 250 ಎಂದರೆ ಅಲ್ಲಿ ಎರಡನೆಯ ಸಲ ಬಣ್ಣ ಬಿದ್ದಿದೆ; ಇನ್ನೂ ಬಹಳ ಮೇಲೆ ಹೋದರೆ ಅಡಿಯಲ್ಲಿ ಪುಟ್ಟಿ ಉಂಟು. ಕಾರು ಬಿಡಿಸಿಕೊಳ್ಳುವ ದಿನ ತೆಂಗಿನಕಾಯಿ ಒಡೆಯುವ ಮೊದಲು ಈ ಮೀಟರು ಹಿಡಿದ ಒಬ್ಬ ಪರಿಚಯದ ಪೇಂಟರನ್ನು ಜತೆಗೆ ಕರೆದೊಯ್ಯುವುದು ಸಂಕೋಚದ ವಿಷಯವಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ಊರಿದು.

ಗುಳ್ಳೆ ಕಂಡರೆ ಮೊದಲು ದಿನಾಂಕ ಬರುವ ಹಾಗೆ ಫೋಟೊ, ಆಮೇಲೆ ಸರ್ವಿಸಿನ ಜಾಬ್‌ಕಾರ್ಡಿನಲ್ಲಿ ಬರೆಸುವುದು. ಬಾಯಿಮಾತಿನ ದೂರು ದೂರಲ್ಲ. ಡೀಲರೂ ಕಂಪೆನಿಯೂ ಒಬ್ಬರ ಮೇಲೊಬ್ಬರು ಹಾಕಿ ಅಲೆದಾಡಿಸಿದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಉಂಟು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷ ರೂಪಾಯಿ ದಾಟದಿದ್ದರೆ ದೂರು ಇಲ್ಲಿಯೇ. 2019ರ ಕಾಯ್ದೆಯ ಪ್ರಕಾರ ದೋಷ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಬೇಕಾದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು. "ನೋಡುವಾ, ಮುಂದಿನ ಸರ್ವಿಸಿನಲ್ಲಿ ಮಾಡುವಾ" ಎಂಬ ಸವಿಮಾತಿಗೆ ಎರಡು ವರ್ಷ ಹೇಗೆ ಕಳೆಯುತ್ತದೆಂದೇ ತಿಳಿಯುವುದಿಲ್ಲ.

ಗಾಯ ಸಣ್ಣದಿರುವಾಗ

ಬಣ್ಣ ಎದ್ದ ಜಾಗದಲ್ಲಿ ಬೂದು ಕಂಡರೆ ಪ್ರೈಮರ್ ಉಳಿದಿದೆ, ಉಸಿರಾಡಬಹುದು. ಹೊಳೆಯುವ ತಗಡು ಕಂಡರೆ ಅದೇ ವಾರ ಕೆಲಸ ಆಗಬೇಕು. ಬಂಪರಿನಲ್ಲಾದರೆ ಚಿಂತೆ ಬೇಡ, ಈಗಿನ ಬಂಪರು ಪ್ಲಾಸ್ಟಿಕ್. ಅಂದ ಕೆಟ್ಟೀತು, ತುಕ್ಕು ಹಿಡಿಯದು.

ಕೆಲವು ನೂರು ರೂಪಾಯಿಯ ಟಚ್-ಅಪ್ ಶೀಶೆ ಸಾಕು. ಬಣ್ಣದ ಕೋಡ್ ಬಾಗಿಲಿನ ಕಂಬದ ಮೇಲೋ ಬಾನೆಟ್ಟಿನ ಕೆಳಗೋ ಪಟ್ಟಿಯಲ್ಲಿರುತ್ತದೆ. ಬಿಸಿಲಿನ ದಿನ ಸೋಪಿನ ನೀರಲ್ಲಿ ತೊಳೆದು, ಪೂರಾ ಒಣಗಿಸಿ, ನುಣುಪು ಎಮರಿ ಕಾಗದವನ್ನು ಸಣ್ಣಗೆ ಮಡಿಸಿ ತುಕ್ಕನ್ನಷ್ಟೇ ಉಜ್ಜಿ ತೆಗೆಯಬೇಕು. ಆಮೇಲೆ ಪ್ರೈಮರ್ ಚುಕ್ಕೆ, ಒಣಗಿದ ಮೇಲೆ ಬಣ್ಣ, ಮತ್ತೆ ಕ್ಲಿಯರ್. ಪ್ರೈಮರ್ ಬಿಟ್ಟು ತುಕ್ಕಿನ ಮೇಲೆಯೇ ಬಣ್ಣ ಬಳಿಯುವವರೇ ಹೆಚ್ಚು. ಕಸದ ಮೇಲೆ ಚಾಪೆ ಹಾಸಿದ ಹಾಗೆ. ಉಜ್ಜಿದರೂ ಹೋಗದ ಕಲೆಗೆ ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂಬ ದ್ರವ ಸಿಗುತ್ತದೆ. ಅದರಲ್ಲಿ ಟ್ಯಾನಿಕ್ ಆಮ್ಲವಿದ್ದರೆ ತುಕ್ಕು ನೀಲಿಗಪ್ಪಾಗುತ್ತದೆ. ಹಿಂದೆ ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದರಲ್ಲ, ಅದೇ ರಸಾಯನ. ಅಡಿಕೆಯ ಚೊಗರಿನಲ್ಲೂ ಆ ಗುಣವುಂಟು, ಹಾಗೆಂದು ಕಾರಿಗೆ ಚೊಗರು ಬಳಿಯಲು ಹೋಗಬಾರದು!

ಒಂದು ಚುಕ್ಕೆಗೆ ಇಡೀ ಬಾನೆಟ್ ಉಜ್ಜಿ ಬಣ್ಣ ಹೊಡೆಯುವಾ ಎಂದು ಶೆಡ್ಡಿನವರು ಒತ್ತಾಯಿಸಿದರೆ ಬೇಡ ಎನ್ನುವುದೇ ಜಾಣತನ. ಕಾರ್ಖಾನೆಯ ತೊಟ್ಟಿಯಲ್ಲಿ ಕರೆಂಟು ಕೊಟ್ಟು, 170 ಡಿಗ್ರಿಯಲ್ಲಿ ಬೇಯಿಸಿದ ಪದರವನ್ನು ಯಾವ ಶೆಡ್ಡಿನಲ್ಲೂ ಮತ್ತೆ ತರಲಾಗುವುದಿಲ್ಲ. ಗ್ಯಾರೇಜಿನ ಒಲೆ ಅದರ ಅರ್ಧ ಶಾಖವನ್ನೂ ಮುಟ್ಟುವುದಿಲ್ಲ. ಮುಟ್ಟಿದರೆ ವಯರೂ ಪ್ಲಾಸ್ಟಿಕ್ಕೂ ಕರಗೀತು.

ಸೆರಾಮಿಕ್ ಕೋಟಿಂಗ್ ಎಂಬ ಹೊಸ ಮೋಹದ ಬಗ್ಗೆಯೂ ಒಂದು ಮಾತು. ಹತ್ತಾರು ಸಾವಿರ ತೆತ್ತು ಹಾಕಿಸಿದರೆ ಹೊಳಪು ಬರುತ್ತದೆ, ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಉರುಳುತ್ತದೆ. ಕಲ್ಲು ಮಾತ್ರ ಉರುಳುವುದಿಲ್ಲ, ಬಡಿಯುತ್ತದೆ. ಕಲ್ಲಿನ ಪೆಟ್ಟು ತಾಳುವುದು ಪಿಪಿಎಫ್ ಎಂಬ ದಪ್ಪ ಪಾರದರ್ಶಕ ಹಾಳೆ. ಇಡೀ ಕಾರಿಗೆ ದುಬಾರಿ. ಬಾನೆಟ್ಟಿನ ಮುಂಭಾಗಕ್ಕೂ ಬಾಗಿಲಿನ ಕೆಳಗಿನ ಪಟ್ಟಿಗೂ ಅಂಟಿಸಿಕೊಂಡರೆ ಬಹುಪಾಲು ಕೆಲಸ ಆಗುತ್ತದೆ. ಮಳೆಗಾಲಕ್ಕೆ ಮೊದಲು ಅಡಿಗೆ ಡೀಸೆಲೋ ಹಳೆ ಆಯಿಲೋ ಸ್ಪ್ರೇ ಮಾಡಿಸುವ ಹಳೆಯ ಪದ್ಧತಿ ರಬ್ಬರ್ ಬುಶ್ಶುಗಳನ್ನು ಕೆಡಿಸುತ್ತದೆ. ಕೆಸರಿನ ಮೇಲೆಯೇ ಕಪ್ಪು ಅಂಡರ್‌ಕೋಟಿಂಗ್ ಹೊಡೆದರೆ ತೇವ ಒಳಗೇ ಸಿಕ್ಕಿಬಿದ್ದು ಮೊದಲಿಗಿಂತ ಬೇಗ ತಿನ್ನುತ್ತದೆ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಮುಚ್ಚುವುದೂ ಅಂಥದೇ ಉಪಕಾರ.

ಬಾಡಿಗೆ ಕಾರಿನವರಿಗಂತೂ ಇದು ಅಂದಚಂದದ ಪ್ರಶ್ನೆಯಲ್ಲ. ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾವರ್ಷ ಎಫ್‌ಸಿ. ಸ್ವಂತ ಕಾರಿಗೂ 15 ವರ್ಷಕ್ಕೆ ಮರುನೋಂದಣಿಯ ತಪಾಸಣೆ. ಬಾನೆಟ್ಟಿನ ಚುಕ್ಕೆಗೆ ಯಾರ ಪ್ರಾಣವೂ ಹೋಗುವುದಿಲ್ಲ. ಅದೇ ತುಕ್ಕು ಬ್ರೇಕಿನ ಪೈಪಿಗೆ, ಬಾಗಿಲಿನ ಕೆಳಗಿನ ಸಿಲ್ಲಿಗೆ, ಸಸ್ಪೆನ್ಶನ್ ಕೂರುವ ಬುಡಕ್ಕೆ, ಸೀಟ್ ಬೆಲ್ಟಿನ ಬೋಲ್ಟಿಗೆ ಹಿಡಿದರೆ ಘಾಟಿ ಇಳಿಯುವಾಗ ಗೊತ್ತಾಗುತ್ತದೆ. ಮೇಲಿನ ಚುಕ್ಕೆಗೆ ಕಣ್ಣೀರು ಹಾಕುವವರು ವರ್ಷಕ್ಕೊಮ್ಮೆಯಾದರೂ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಅಡಿ ನೋಡಿದ್ದಾರೆಯೇ?

ಮರವಂತೆಯ ಕಡಲ ಬದಿಯಲ್ಲಿ ನಿಲ್ಲಿಸಿ ಫೋಟೊ ತೆಗೆದ ಮೇಲೆ, ಮಲ್ಪೆಯ ಮರಳಿಗೆ ಚಕ್ರ ಇಳಿಸಿದ ಮೇಲೆ, ಅದೇ ದಿನ ವಾಟರ್ ಸರ್ವಿಸಿನಲ್ಲಿ ಅಡಿಗೆ ಸಿಹಿನೀರು ಹೊಡೆಸಬೇಕು. ಮಡ್‌ಗಾರ್ಡಿನ ಒಳಗೆ ಅಂಟಿದ ಮುರಕಲ್ಲಿನ ಕೆಸರನ್ನೂ ತೆಗೆಸಬೇಕು; ಆ ಕೆಂಪು ಮಣ್ಣು ಸ್ಪಂಜಿನ ಹಾಗೆ ದಿನಗಟ್ಟಲೆ ನೀರು ಹಿಡಿದಿಡುತ್ತದೆ. ಒದ್ದೆ ಕೊಡೆ, ಒದ್ದೆ ಚಪ್ಪಲಿ ಇಟ್ಟ ಮ್ಯಾಟನ್ನು ಬಿಸಿಲು ಕಂಡ ದಿನ ಎತ್ತಿ ಒಣಗಿಸಬೇಕು. ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ನೀರಿಳಿಯಲು ಎರಡು ಮೂರು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಕಟ್ಟಿದರೆ ಬಾಗಿಲೊಳಗೆ ನೀರು ನಿಂತು ತೆರೆಯುವಾಗ ಗುಳುಗುಳು ಸದ್ದು ಬರುತ್ತದೆ. ತೆಂಗಿನ ಗರಿಯ ಒಂದು ಕಡ್ಡಿ ಸಾಕು, ತೂತು ಬಿಡಿಸಲು.